ಮಸೂದ್ ಖಾನ್ ಎಂಬ ಹಡಗು

ಆದೋನಿಯ ನಮ್ಮ ಮನೆಯಲ್ಲಿ ನೀಲತ್ತೆಯೊಬ್ಬಳನ್ನು ಬಿಟ್ಟರೆ ಯಾರೂ ಸಮುದ್ರ ನೋಡಿರಲಿಲ್ಲ. ಆದರೂ ನಮ್ಮಲ್ಲೊಂದು ನೌಕಾಪಡೆ ಇತ್ತು. ಹಿತ್ತಲ ಗೋದಾಮಿನಲ್ಲಿ ಒಟ್ಟಿದ್ದ, ಹತ್ತಿ ತುಂಬಿ ಹಗ್ಗ ಬಿಗಿದ ಅಂಡಿಗೆಗಳೇ ನಮ್ಮ ಯುದ್ಧದ ಹಡಗುಗಳು, ಒಂದೊಂದಕ್ಕೂ ಒಬ್ಬೊಬ್ಬ ವೀರರ ಹೆಸರು. ಇಷ್ಟು ವರ್ಷ ಇದನ್ನೆಲ್ಲ ಯಾರಿಗೂ ಹೇಳದವಳು ಈಗ ಬರೆಯಲು ಕುಳಿತದ್ದಕ್ಕೆ ಮೊಮ್ಮಗನೇ ಕಾರಣ. ಮೊನ್ನೆ ಅವನು ಫೋನಿನಲ್ಲಿ ಹಡಗಿನ ಯುದ್ಧದ ಆಟ ಆಡುತ್ತಿದ್ದ. ಹೊಸ ಹಡಗು ಸಿಕ್ಕಿದೆ, ಹೆಸರು ಕೇಳುತ್ತಿದೆ, ಏನಿಡಲಿ ಎಂದ. ನಾನು ಹಿಂದೆಮುಂದೆ ನೋಡದೆ ಮಸೂದ್ ಖಾನ್ ಎಂದೆ. ಒಳಕೋಣೆಯಿಂದ ಮಗನ ದನಿ ಬಂತು.

“ಅಮ್ಮಾ, ಆ ಹೆಸರು ಯಾಕ ಈಗ? ಬ್ಯಾರೆ ಯಾವ್ದಾರ ಹೇಳು. ಕಾಲ ಸರಿ ಇಲ್ಲ.”

ಕಾಲ ಆಗಲೂ ಸರಿ ಇರಲಿಲ್ಲ, ಮಗನೇ. ಕಾಲ ಸರಿಯಾಗಲಿ ಎಂದು ನಮ್ಮ ನೀಲತ್ತೆ ಕಾದಿದ್ದರೆ ನಾನು ಈ ಹೊತ್ತು ಏನಾಗಿರುತ್ತಿದ್ದೆನೋ.

ನಮ್ಮದು ಕೋಟೆ ಬೆಟ್ಟದ ಕಡೆ ಮುಖ ಮಾಡಿದ ಕಲ್ಲಿನ ಮನೆ. ಬಾಗಿಲು ದಾಟಿದರೆ ಪಡಸಾಲೆ, ಅದರ ಬಲಕ್ಕೆ ದೇವರ ಕೋಣೆ, ಎಡಕ್ಕೆ ದೊಡ್ಡಪ್ಪನ ಮಂಚ. ಆಮೇಲೆ ನಡುಮನೆ, ಕತ್ತಲೆಯ ಅಡಿಗೆಮನೆ, ಕಲ್ಲು ಹಾಸಿದ ಅಂಗಳ, ಕೊನೆಗೆ ಗೋದಾಮು. ಹತ್ತಿಯ ಎಳೆ ಇಲ್ಲದ ಜಾಗವೇ ಆ ಮನೆಯಲ್ಲಿರಲಿಲ್ಲ. ಅದು ಸಾರಿನಲ್ಲಿ ತೇಲುತ್ತಿತ್ತು, ಅಜ್ಜಿಯ ವಿಭೂತಿ ಗಟ್ಟಿಗೆ ಅಂಟಿಕೊಳ್ಳುತ್ತಿತ್ತು, ನಾವು ಶಾಲೆಗೆ ಹೋದರೆ ನಮ್ಮ ತಲೆ ನೋಡಿಯೇ ಹತ್ತಿ ಸಾವ್ಕಾರರ ಮಕ್ಕಳೆಂದು ಹೇಳಬಹುದಿತ್ತು. ಮನೆಯ ಹಿರಿಯ ನಮ್ಮ ದೊಡ್ಡಪ್ಪ. ಅವರು ಲಿಂಗಪೂಜೆ ಮುಗಿಸಿ ಪಡಸಾಲೆಯ ಮಣೆಯ ಮೇಲೆ ಕೂತರೆಂದರೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೂ ತಗ್ಗುತ್ತಿತ್ತು. ಮೊದಲು ಗಂಡಸರ ಊಟ. ಅಪ್ಪ ಅಣ್ಣನ ಪಕ್ಕದಲ್ಲಿ ಕೂತು, ಅಣ್ಣ ಏನು ಹೇಳಿದರೂ ತಲೆಯಾಡಿಸುತ್ತ, ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತಿದ್ದರು. ಆಮೇಲೆ ಮಕ್ಕಳು, ಆಮೇಲೆ ಅಜ್ಜಿ, ದೊಡ್ಡಮ್ಮ, ಅವ್ವ. ಎಲ್ಲರದೂ ಆದ ಮೇಲೆ, ತಳದಲ್ಲಿ ಉಳಿದದ್ದನ್ನು ಕೆರೆದುಕೊಂಡು ಒಲೆಯ ಮುಂದೆ ಒಬ್ಬಳೇ ಉಣ್ಣುವವಳು ನೀಲತ್ತೆ.

ನೀಲತ್ತೆ ಅಪ್ಪನ ತಂಗಿ. ಅವಳನ್ನು ಕಾಕಿನಾಡದ ಬಂದರಿನಲ್ಲಿ ಗುಮಾಸ್ತನಾಗಿದ್ದವನಿಗೆ ಕೊಟ್ಟಿದ್ದರು. ಮದುವೆಯಾದ ಎರಡನೆಯ ಮಳೆಗಾಲದಲ್ಲಿ ಅವನು ಜ್ವರ ಬಂದು ತೀರಿಕೊಂಡ. ಅವಳು ಒಂದು ಟ್ರಂಕು ಹಿಡಿದುಕೊಂಡು ವಾಪಸು ಬಂದಳು. ಬಂದವಳಿಗೆ ಮನೆ ಜಾಗ ಕೊಟ್ಟಿತು, ಕೆಲಸವನ್ನೂ ಕೊಟ್ಟಿತು. ಹೆಸರನ್ನು ಮಾತ್ರ ತೆಗೆದುಕೊಂಡಿತು. ಅಜ್ಜಿ ‘ಬಾ ಇಲ್ಲಿ’ ಎಂದರೆ, ದೊಡ್ಡಮ್ಮ ‘ಒಳಗಿನಾಕಿ’ ಎನ್ನುತ್ತಿದ್ದಳು, ದೊಡ್ಡಪ್ಪ ಏನೂ ಅನ್ನುತ್ತಿರಲಿಲ್ಲ, ಕೆಮ್ಮಿದರೆ ಅವಳು ನೀರು ತರಬೇಕು. ನಾವು ಮಕ್ಕಳಷ್ಟೇ ಅವಳನ್ನು ನೀಲತ್ತೆ ಎಂದು ಬಾಯಿತುಂಬ ಕರೆಯುತ್ತಿದ್ದವರು. ಮಧ್ಯಾಹ್ನದ ಊಟ ಮುಗಿದು ದೊಡ್ಡಪ್ಪ ಅಂಗಡಿಗೆ, ಹೆಂಗಸರು ನಿದ್ದೆಗೆ ಹೋದ ಮೇಲೆ ಅವಳು ಗೋದಾಮಿಗೆ ಬರುತ್ತಿದ್ದಳು. ಅಲ್ಲಿ ಅವಳು ಬೇರೆಯೇ ಹೆಂಗಸು. ಕಾಲು ಚಾಚಿ ಕೂತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಬಂದರಿನಲ್ಲಿ ಕಂಡ ಹಡಗುಗಳನ್ನು ತಂದು ನಮ್ಮ ಮುಂದೆ ನಿಲ್ಲಿಸುತ್ತಿದ್ದಳು. ನೋಡಿದ್ದು ಮುಗಿದ ಮೇಲೆ ನೋಡದೆ ಇದ್ದದ್ದನ್ನು ಕಟ್ಟತೊಡಗಿದಳು. ಹಾಗೆ ಹುಟ್ಟಿದ್ದು ನಮ್ಮ ಯುದ್ಧದ ಕತೆ. ಎಲ್ಲೂ ಇಲ್ಲದ ಒಂದು ದ್ವೀಪ, ಅದನ್ನು ಕಾಯುವ ಹಡಗುಗಳು, ದಿನವೂ ಮುತ್ತುವ ಶತ್ರು. ಒಬ್ಬೊಬ್ಬರಿಗೆ ಒಂದೊಂದು ಅಂಡಿಗೆ. ಏರಿ ಕೂತರೆ ಅದೇ ಹಡಗು.

“ಹೆಸರಿಲ್ಲದ ಹಡಗನ್ನ ಯಾವ ಬಂದರಿನ್ಯಾಗೂ ಸೇರಿಸಂಗಿಲ್ಲ. ಮೊದ್ಲ ಹೆಸರಿಡ್ರಿ. ದೇವರ ಹೆಸರು ಬ್ಯಾಡ, ಮನಿಯವರ ಹೆಸರು ಬ್ಯಾಡ. ಖರೇ ಖರೇ ಯುದ್ಧ ಮಾಡಿದೋರ ಹೆಸರು ಬೇಕು.”

ದೊಡ್ಡಪ್ಪನ ಮಗ ಮಲ್ಲು ನನಗಿಂತ ದೊಡ್ಡವನು. ಅವನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪುಲಕೇಶಿ ಎಂದ. ಅವನ ತಮ್ಮ ಕೃಷ್ಣದೇವರಾಯ ಎಂದ. ನನ್ನ ತೆಲುಗು ಪಾಠದಲ್ಲಿ ಕುದುರೆಯೇರಿದ ರಾಣಿಯ ಚಿತ್ರವೊಂದಿತ್ತು, ನಾನು ರುದ್ರಮದೇವಿ ಎಂದೆ. ಹಡಗಿಗೆ ಹೆಂಗಸಿನ ಹೆಸರೇ ಎಂದು ಮಲ್ಲು ನಕ್ಕ. ನೀಲತ್ತೆ ಅವನ ಕಡೆ ನೋಡದೆ, ಅಂಡಿಗೆಗಳ ಮೇಲೆ ಗುರುತು ಹಾಕುವ ಕಪ್ಪು ಮಸಿಯ ಡಬ್ಬಿಗೆ ಕುಂಚ ಅದ್ದಿ, ನನ್ನ ಹಡಗಿನ ಮೈಮೇಲೆ ಆ ಹೆಸರನ್ನೇ ಎಲ್ಲಕ್ಕಿಂತ ದೊಡ್ಡದಾಗಿ ಬರೆದಳು. ಅವಳ ಅಕ್ಷರ ದುಂಡಗಿತ್ತು. ಆ ಮನೆಯಲ್ಲಿ ಅವಳು ಬರೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಶಮೀಮ್ ನನ್ನ ತರಗತಿಯವಳು. ಅವಳ ಅಪ್ಪ ನಮ್ಮ ಹಿಂದಿನ ಓಣಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ಉದುರಿದ ಹತ್ತಿಯನ್ನು ಒಯ್ಯಲು ಅಪ್ಪನ ಜೊತೆ ಬರುತ್ತಿದ್ದವಳು ಕ್ರಮೇಣ ಒಬ್ಬಳೇ ಬರತೊಡಗಿದಳು, ಗೋದಾಮಿನ ಹಿಂಬಾಗಿಲಿನಿಂದ. ಮುಂಬಾಗಿಲಿನಿಂದ ಬಾ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬರಬೇಡ ಎಂದೂ ಹೇಳಿರಲಿಲ್ಲ, ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಅವಳು ಬಾಗಿಲ ಬಳಿ ನಿಂತು ನಮ್ಮ ಯುದ್ಧ ನೋಡುವಳು. ಒಂದು ಮಧ್ಯಾಹ್ನ ನೀಲತ್ತೆ ಕತೆಯನ್ನು ನಡುವೆಯೇ ನಿಲ್ಲಿಸಿ, ನಿನ್ನ ಹಡಗು ಯಾವುದು ಎಂದು ಅವಳನ್ನು ಕೇಳಿದಳು.

“ನಕ್ಕೋ ಅತ್ತೆ, ಬ್ಯಾಡ. ನಾ ನೋಡ್ತೀನಿ, ಅಷ್ಟ ಸಾಕು.”

“ಯುದ್ಧ ನಡದಾಗ ನೋಡ್ಕೋತ ನಿಂದ್ರಬಾರದವಾ. ಆ ಮೂಲಿ ಅಂಡಿಗಿ ನಿಂದು. ಹೆಸರು ಹೇಳು.”

ಶಮೀಮ್ ತಲೆ ಬಗ್ಗಿಸಿ ಕಾಲ ಹೆಬ್ಬೆರಳಿನಿಂದ ನೆಲ ಕೆರೆದಳು. ಆಮೇಲೆ ತಲೆಯೆತ್ತಿ ಸ್ಪಷ್ಟವಾಗಿ ಹೇಳಿದಳು.

“ಮಸೂದ್ ಖಾನ್. ನಮ್ಮ ದೊಡ್ಡ ಮಸೀದಿ ಕಟ್ಟಿಸಿದೋರು.”

ಆದೋನಿಯ ಮಕ್ಕಳಿಗೆಲ್ಲ ಆ ಕತೆ ಗೊತ್ತು. ಎಷ್ಟು ನಿಜವೋ ನಾನು ಹೇಳಲಾರೆ, ನಮ್ಮೂರ ಹಿರಿಯರು ಹೇಳುತ್ತಿದ್ದದ್ದನ್ನು ಹೇಳುತ್ತೇನೆ. ಮಸೂದ್ ಖಾನ್ ಒಂದು ಕಾಲಕ್ಕೆ ನಮ್ಮ ಕೋಟೆಯನ್ನು ಆಳುತ್ತಿದ್ದವನು. ದಿಲ್ಲಿಯ ಬಾದಶಹನ ಸೈನ್ಯ ಬಂದು ಮುತ್ತಿಗೆ ಹಾಕಿದಾಗ ಅವನು ಜಗ್ಗಲಿಲ್ಲವಂತೆ. ಕೋಟೆ ಒಡೆಯದು ಎಂದು ಗೊತ್ತಾದ ಮೇಲೆ ಸೈನ್ಯದವರು ತೋಪುಗಳನ್ನು ಅವನು ಕಟ್ಟಿಸಿದ ಮಸೀದಿಯ ಕಡೆ ತಿರುಗಿಸಿದರಂತೆ. ಅದು ಉರುಳುವುದನ್ನು ನೋಡಲಾರದೆ ಅವನು ಕೋಟೆಯ ಬಾಗಿಲು ತೆರೆದನಂತೆ. ಮಸೀದಿ ಇವತ್ತಿಗೂ ನಿಂತಿದೆ. ಮಲ್ಲುವಿಗೆ ಆ ಕತೆಯ ಕೊನೆ ಮಾತ್ರ ಬೇಕಾಗಿತ್ತು.

“ಅಂವಾ ಸೋತಾನ! ಸೋತಾವನ ಹೆಸರಿಟ್ರ ಹಡಗು ಮುಳಗತೈತಿ.”

“ನಿನ್ನ ಪುಲಕೇಶಿನೂ ಕಡೀಕ ಸೋತಾನ. ನಿನ್ನ ಪುಸ್ತಕದಾಗ ಮುಂದಿನ ಪುಟ ಓದಿಲ್ಲೇನು?” ಎಂದಳು ನೀಲತ್ತೆ. “ಗೆದ್ದೋರ ಹೆಸರಷ್ಟ ಇಡೂದಾದ್ರ ಒಂದ ಹಡಗು ಉಳೀತೈತಿ, ಅದರ ಕೂಡ ಯುದ್ಧ ಮಾಡಾಕ ಯಾರೂ ಇರಂಗಿಲ್ಲ.”

ಅವಳು ಕುಂಚ ಅದ್ದಿದಳು. ಮೂಲೆಯ ಅಂಡಿಗೆಯ ಮೇಲೆ ಮಸೂದ್ ಖಾನ್ ಎಂದು ಬರೆದಳು. ಶಮೀಮ್ ಅದರ ಮೇಲೆ ಏರಿ ಕೂತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯಲ್ಲಿ ಅಂಡಿಗೆಯ ಹಗ್ಗ ಹಿಡಿದು, ಯಾರಾದರೂ ಇಳಿಸಲಿ ನೋಡೋಣ ಎನ್ನುವ ಹಾಗೆ. ಅವತ್ತಿನ ಯುದ್ಧದಲ್ಲಿ ಮೊದಲು ತೋಪು ಹಾರಿಸಿದವಳು ಅವಳೇ.

ನಮ್ಮ ಹಡಗುಗಳು ಗೋಡೆಯ ಕಡೆಯ ಸಾಲಿನಲ್ಲಿದ್ದವು, ಅವು ಬೇಗ ಹೊರಡುವುದಿಲ್ಲ ಎಂದು ನಾವು ನಂಬಿದ್ದೆವು. ಧಾರಣೆ ಏರಿದ ಒಂದು ಬೆಳಿಗ್ಗೆ, ನಾವು ಶಾಲೆಯಲ್ಲಿದ್ದಾಗ, ಹಮಾಲರು ಬಂದು ಆ ಸಾಲನ್ನೂ ಖಾಲಿ ಮಾಡಿದರು. ನೌಕಾಪಡೆಯಿಡೀ ಗಾಡಿಯೇರಿ ಮಾರುಕಟ್ಟೆಗೆ ಹೋಯಿತು. ಪುಲಕೇಶಿಯನ್ನು ನೋಡಿ ಯಾರೂ ನಗಲಿಲ್ಲ. ರುದ್ರಮದೇವಿಯನ್ನು ಯಾರೂ ಗಮನಿಸಲಿಲ್ಲ. ಕೊನೆಗೆ ಇಳಿದ ಅಂಡಿಗೆಯ ಮುಂದೆ ಖರೀದಿದಾರನೊಬ್ಬ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದನಂತೆ.

“ಏಮಿ ಸಾವ್ಕಾರ್, ಈ ರೋಜು ಮಸೂದ್ ಖಾನ್‌ನಿ ಕೂಡಾ ಅಮ್ಮೇಸ್ತುನ್ನಾರಾ?”

ಇವತ್ತು ಮಸೂದ್ ಖಾನನನ್ನೂ ಮಾರಿಬಿಡುತ್ತೀರಾ ಎಂದು. ಸುಮ್ಮನೆ ಹಾಸ್ಯ, ಅದರಲ್ಲಿ ವಿಷವಿರಲಿಲ್ಲ. ಆದರೆ ಮಾರುಕಟ್ಟೆ ನಕ್ಕಿತು, ಮತ್ತು ನಮ್ಮ ದೊಡ್ಡಪ್ಪನನ್ನು ನೋಡಿ ಮಾರುಕಟ್ಟೆ ಅದುವರೆಗೆ ನಕ್ಕಿರಲಿಲ್ಲ.

ನಾವು ಶಾಲೆಯಿಂದ ಊಟಕ್ಕೆ ಬಂದಾಗ ಅವರು ಪಡಸಾಲೆಯಲ್ಲಿ ನಿಂತೇ ಇದ್ದರು. ತಲೆಯ ಮೇಲಿನ ರುಮಾಲು ತೆಗೆದಿರಲಿಲ್ಲ. ಅಜ್ಜಿಯಿಂದ ಹಿಡಿದು ಎಲ್ಲರನ್ನೂ ಕರೆಸಿದ್ದರು. ಯಾರು ಬರೆದದ್ದು ಎಂದು ಕೇಳಿದರು. ಮಲ್ಲು ಗೋಡೆ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯ ಬಾಗಿಲಿನಿಂದ ಉತ್ತರ ಬಂತು.

“ನಾ ಬರದೀನಿ.”

ದೊಡ್ಡಪ್ಪ ಅವಳ ಕಡೆ ತಿರುಗಿ ನೋಡಿದರು. ಅವರು ಅವಳನ್ನು ಅಷ್ಟು ನೇರವಾಗಿ ನೋಡಿದ್ದು ನಾನು ಕಂಡ ಹಾಗೆ ಅದೇ ಮೊದಲು.

“ಮಕ್ಕಳ ಆಟ ಇವತ್ತಿಗೆ ಮುಗೀತು. ಆ ಪಿಂಜಾರರ ಹುಡುಗಿ ಈ ಮನ್ಯಾಗ ಕಾಲಿಡಬಾರದು. ನೀನು ಎಲ್ಲಾರ ಮುಂದ ತಪ್ಪಾತು ಅನ್ನು.”

“ಮಾರೋ ಮಾಲಿನ ಮ್ಯಾಲ ಬರದದ್ದು ತಪ್ಪು, ಅಣ್ಣ. ಅದು ಒಪ್ಪತೀನಿ. ಆ ಹೆಸರಿಟ್ಟದ್ದು ತಪ್ಪು ಅನ್ನಂಗಿಲ್ಲ.”

“ಇದು ಶಿವನ ಮನಿ.”

“ರಂಜಾನಕ್ಕ ಅವರ ಮನಿಗೆ ಸಕ್ರಿ ಕಳಸಾವ ನೀನ ಅಲ್ಲೇನು?”

“ವ್ಯಾಪಾರ ಬ್ಯಾರೆ, ಮನಿ ಬ್ಯಾರೆ. ನನ್ನ ಅನ್ನ ಉಂಡು ನನಗ ಎದುರು ಮಾತಾಡ್ತೀ?”

“ಹಂಗಾರ ಉಣ್ಣಂಗಿಲ್ಲ,” ಎಂದಳು ನೀಲತ್ತೆ. “ಆ ಹುಡುಗಿ ಒಂದು ಹೆಸರು ಹೇಳಿದ್ಲು, ನಾ ಬರದೀನಿ. ನಾ ಈ ಮನಿಗೆ ತಿರುಗಿ ಬಂದಾಗಿಂದ ನನ್ನ ಹೆಸರು ಹಿಡದು ನಿಮ್ಮಾಗ ಯಾರು ಕರದೀರಿ ಹೇಳ್ರಿ?” ಎಂದು ಕೇಳಿದಳು.

ಅಪ್ಪ ತಲೆಯಾಡಿಸುವುದನ್ನೂ ಮರೆತು ನಿಂತಿದ್ದರು.

ಅವಳು ಅಳಲಿಲ್ಲ, ಟ್ರಂಕು ಕಟ್ಟಲಿಲ್ಲ. ನಾವೆಲ್ಲ ಅವಳು ಮೂಲೆ ಹಿಡಿದು ಉಪವಾಸ ಮಲಗುತ್ತಾಳೆ, ಎರಡು ಹೊತ್ತು ಕಳೆದರೆ ಅಜ್ಜಿ ಹೋಗಿ ಎಬ್ಬಿಸುತ್ತಾಳೆ ಎಂದುಕೊಂಡಿದ್ದೆವು. ಅವಳು ಹಿತ್ತಲಿಗೆ ಹೋಗಿ ಕಲ್ಲು ಎತ್ತಿ ತಂದು ಅಂಗಳದ ನಟ್ಟನಡುವೆ ಒಲೆ ಹೂಡಿದಳು. ಒಂದೇ ಮನೆಯಲ್ಲಿ ಎರಡು ಒಲೆ ಉರಿಯುವುದೆಂದರೇನು ಎಂದು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅದು ಮನೆ ಒಡೆಯಿತೆಂದು ಊರಿಗೆ ಡಂಗುರ ಸಾರಿದ ಹಾಗೆ. ಹೊಗೆ ಮಾಳಿಗೆಯ ಮೇಲಕ್ಕೆ ಏರುವುದು ಓಣಿಗೆಲ್ಲ ಕಾಣುತ್ತಿತ್ತು. ದೊಡ್ಡಮ್ಮ ಓಡಿಬಂದು ಜೋಳದ ಹಿಟ್ಟಿನ ಡಬ್ಬಿಗೆ ಕೈ ಅಡ್ಡ ಹಿಡಿದಳು. ಅಣ್ಣನ ಅನ್ನ ಬೇಡವೆಂದವಳಿಗೆ ಅಣ್ಣನ ಹಿಟ್ಟು ಯಾಕೆ ಎಂದು ಅವಳ ವಾದ. ಆಗ ನಮ್ಮ ಅಜ್ಜಿ, ಆ ಮನೆಯಲ್ಲಿ ಯಾವ ಜಗಳದಲ್ಲೂ ಬಾಯಿ ಹಾಕದ ಅಜ್ಜಿ, ದೇವರ ಕೋಣೆಯಿಂದ ಕೂಗಿದಳು.

“ಆ ಜ್ವಾಳ ನನ್ನ ತವರೂರು ಪೆದ್ದಹರಿವಾಣದ್ದು. ನಮ್ಮಪ್ಪ ನನಗ ಕೊಟ್ಟ ಹೊಲದ್ದು. ಅದರ ಮ್ಯಾಲ ಯಾರದೂ ಮಾತಿಲ್ಲ. ತಗೋ, ನೀಲಮ್ಮ.”

ನೀಲಮ್ಮ. ಅಜ್ಜಿ ಬೇಕೆಂದೇ ಕರೆದಳೋ, ಬಾಯಿಗೆ ಬಂದುಬಿಟ್ಟಿತೋ ನನಗೆ ತಿಳಿಯದು. ನೀಲತ್ತೆಯ ಕೈ ಮಾತ್ರ ಹಿಟ್ಟಿನೊಳಗೆ ಹಾಗೆಯೇ ನಿಂತುಬಿಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಅಡಿಗೆಮನೆಯಲ್ಲಿ ಕೇಳುತ್ತಿದ್ದ ಆ ಅಂಜಿದ ಸದ್ದಲ್ಲ, ಅಂಗಳದ ಕಲ್ಲೇ ಅದುರುವಂಥ ಸದ್ದು.

ಮರುದಿನ ಗಂಡಸರ ಊಟ ಮುಗಿಯುವ ಮೊದಲೇ ಅಜ್ಜಿ ತನ್ನ ತಾಟು ತಾನೇ ಎತ್ತಿಕೊಂಡು, ಮೊಣಕಾಲು ಹಿಡಿದುಕೊಳ್ಳುತ್ತ ಅಂಗಳಕ್ಕೆ ಹೋಗಿ ನೀಲತ್ತೆಯ ಒಲೆಯ ಮುಂದೆ ಕೂತಳು. ಅದಾದ ಎರಡು ದಿನಕ್ಕೆ ಅವ್ವ. ಅವ್ವ ನಾಗಲದಿನ್ನೆಯವಳು, ತುಂಗಭದ್ರೆಯಲ್ಲಿ ಈಜಿ ಬೆಳೆದವಳು. ನಮ್ಮ ಮನೆಗೆ ಬಂದ ಮೇಲೆ ಹೆಚ್ಚು ಮಾತಾಡಿದವಳಲ್ಲ. ಅಪ್ಪನಿಗೆ ಬಡಿಸಿ, ಕೈ ತೊಳೆದು, ಅಪ್ಪನ ಮುಖವನ್ನೇ ನೋಡುತ್ತ, ‘ನಾ ಹೊರಗ ಉಂತೀನಿ’ ಎಂದಳು. ಅಪ್ಪ ಅಣ್ಣನ ಕಡೆ ನೋಡಿದರು. ಅಣ್ಣ ತಾಟಿನ ಕಡೆ ನೋಡುತ್ತಿದ್ದರು. ಅವ್ವ ಇಬ್ಬರ ಉತ್ತರಕ್ಕೂ ಕಾಯದೆ ಹೊರಟುಹೋದಳು.

ಉಳಿದದ್ದು ಶಮೀಮ್. ಅವಳಿಗೆ ಸುದ್ದಿ ಹೇಗೋ ಮುಟ್ಟಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿರಲಿಲ್ಲ, ಕೇಳಿದರೆ ‘ಅಬ್ಬಾ ಬ್ಯಾಡ ಅಂದಾರ’ ಎಂದು ಅಪ್ಪನ ಮೇಲೆ ಹೇಳುತ್ತಿದ್ದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾಗದ ಸಿಟ್ಟು. ಒಂದು ಮಧ್ಯಾಹ್ನ ಶಾಲೆ ಬಿಟ್ಟಾಗ ಅವಳ ಕೈ ಹಿಡಿದೆ. ಅವಳು ಹಿಂದಿನ ಓಣಿಗೆ ತಿರುಗಿದಳು, ನಾನು ಬಿಡಲಿಲ್ಲ. ಮುಂಬಾಗಿಲಿಗೇ ಎಳೆದುಕೊಂಡು ಬಂದೆ. ದೊಡ್ಡಪ್ಪ ಊಟಕ್ಕೆ ಕೂತಿದ್ದರು, ಹಣೆಯ ತುಂಬ ವಿಭೂತಿ, ಕೈಯಲ್ಲಿ ತುತ್ತು. ಹೊಸ್ತಿಲ ಮೇಲೆ ನನ್ನ ಕಾಲು ನಡುಗುತ್ತಿತ್ತು.

“ಗಿರಿಜಾ! ಎಲ್ಲಿಗೆ ಕರಕೊಂಡು ಹೊಂಟೀ?”

“ಊಟಕ್ಕ, ದೊಡ್ಡಪ್ಪ.”

“ನಾ ಹೇಳಿದ್ದು ಕೇಳಿಸಿಲ್ಲೇನು ನಿನಗ?”

“ಕೇಳಿಸೈತಿ.”

ಅಷ್ಟೇ ನಾನು ಹೇಳಿದ್ದು. ಅವರು ಎದ್ದು ಬಂದು ಹೊಡೆಯುತ್ತಾರೆ ಎಂದು ಕಾದೆ. ಉಣ್ಣುವಾಗ ನಡುವೆ ಎದ್ದರೆ ಅವತ್ತು ಮತ್ತೆ ಉಣ್ಣಬಾರದೆಂಬ ನೇಮ ಅವರಿಗಿತ್ತು. ಅದಕ್ಕೇ ಏಳಲಿಲ್ಲವೋ ಏನೋ. ನಾನು ಪಡಸಾಲೆ ದಾಟಿದೆ, ನಡುಮನೆ ದಾಟಿದೆ, ಶಮೀಮಳನ್ನು ಅಂಗಳದ ಒಲೆಯ ಮುಂದೆ ಕೂರಿಸಿದೆ. ನೀಲತ್ತೆ ಏನನ್ನೂ ಕೇಳದೆ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಎಣ್ಣೆ ಹಾಕಿ ಮೊದಲು ಅವಳಿಗೆ ಕೊಟ್ಟಳು, ಆಮೇಲೆ ನನಗೆ. ಅಜ್ಜಿ ತುಸು ಆಚೆ ಸರಿದು ಕೂತಳು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಏಳಲಿಲ್ಲ.

ಆ ಎರಡನೆಯ ಒಲೆ ನಮ್ಮ ಅಂಗಳದಲ್ಲಿ ವರ್ಷಗಟ್ಟಲೆ ಉರಿಯಿತು. ನನ್ನ ಎಸೆಸೆಲ್ಸಿ ಆದಾಗ ಮದುವೆ ಮಾಡಿಬಿಡೋಣ ಎಂದ ಮಾತು ಅಡಿಗೆಮನೆಯ ಒಲೆಯಿಂದ ಹೊರಟರೆ, ಅವಳು ಓದಲಿ ಎಂಬ ಮಾತು ಅಂಗಳದ ಒಲೆಯಿಂದ ಹೊರಟಿತು, ಮತ್ತು ಆ ಹೊತ್ತಿಗೆ ಅಂಗಳದಲ್ಲಿ ಉಣ್ಣುವವರೇ ಹೆಚ್ಚಾಗಿದ್ದರು. ನಾನು ಟೀಚರಾಗಿ ಪತ್ತಿಕೊಂಡಕ್ಕೆ ಹೋದೆ. ಅಲ್ಲಿ ಎಷ್ಟೋ ಸಲ, ದೊಡ್ಡವರ ಮುಂದೆ ಸುಮ್ಮನಿದ್ದರೆ ಒಳ್ಳೆಯದು ಎಂದು ಹಿತೈಷಿಗಳು ಹೇಳಿದಾಗಲೆಲ್ಲ, ಹೊಸ್ತಿಲ ಮೇಲೆ ನಡುಗಿದ ಆ ಕಾಲು ನೆನಪಾಗುತ್ತಿತ್ತು. ಕಾಲು ನಡುಗಿದರೆ ನಡುಗಲಿ, ದಾಟಿದರಾಯಿತು. ದೊಡ್ಡಪ್ಪ ಕೊನೆಯವರೆಗೆ ಸೋತೆ ಎನ್ನಲಿಲ್ಲ, ನೀಲತ್ತೆ ತಪ್ಪಾಯಿತು ಎನ್ನಲಿಲ್ಲ. ಇಬ್ಬರೂ ಒಂದೇ ಸೂರಿನಡಿ ಬದುಕಿದರು. ಅವರವರ ಹಟ ಅವರವರಿಗೆ ಉಳಿಯಿತು. ರಾಜಿಯ ಕತೆಯನ್ನೇ ಬಯಸುವವರಿಗೆ ನನ್ನಲ್ಲಿ ಬೇರೆ ಕತೆಯಿಲ್ಲ.

ಶಮೀಮ್ ಬಂದು ಉಂಡ ಕೆಲವು ದಿನಗಳಿಗೆ ನಮ್ಮ ಯುದ್ಧವೂ ಮತ್ತೆ ಶುರುವಾಯಿತು. ಈ ಸಲ ಗೋದಾಮಿನಲ್ಲಲ್ಲ. ಮುಚ್ಚಿಟ್ಟುಕೊಂಡು ಆಡುವ ಆಟ ಸಾಕು ಎಂದು ನೀಲತ್ತೆ ಅಂಗಳದಲ್ಲೇ ಕೂತು, ಪಡಸಾಲೆಗೆ ಕೇಳುವ ದನಿಯಲ್ಲಿ ಕತೆ ಹೇಳತೊಡಗಿದಳು. ಅಂಡಿಗೆಗಳಿಲ್ಲ, ಮಸಿಯಿಲ್ಲ, ಕಲ್ಲು ಹಾಸೇ ಸಮುದ್ರ. ಮಲ್ಲುವೂ ಎರಡು ದಿನ ಬಾಗಿಲಲ್ಲಿ ಸುಳಿದಾಡಿ, ಮೂರನೆಯ ದಿನ ಬಂದು ಕೂತ. ಒಂದು ಭಾನುವಾರ ಅಂಗಡಿಗೆ ರಜ. ದೊಡ್ಡಪ್ಪ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಇತ್ತ ಶತ್ರುಗಳು ಮಸೂದ್ ಖಾನ್ ಹಡಗನ್ನು ನಡುಗಡಲಿನಲ್ಲಿ ಸುತ್ತುವರಿದಿದ್ದರು. ಪುಲಕೇಶಿಯ ಪಟ ಹರಿದಿತ್ತು, ನನ್ನ ರುದ್ರಮದೇವಿ ಬಹು ದೂರದಲ್ಲಿದ್ದಳು. ಒಮ್ಮೆಲೇ ಪಡಸಾಲೆಯಿಂದ ಗುಡುಗು ಬಂತು.

“ಅಷ್ಟು ಮಂದಿ ಸುತ್ತ ಹಾಕಿದ ಮ್ಯಾಲ ಒಂದ ಹಡಗು ಹೆಂಗ ಉಳೀತೈತಿ? ಕಥಿ ಹೇಳೂದಾದ್ರ ನಂಬೂ ಹಂಗ ಹೇಳ್ರಿ!”

ನೀಲತ್ತೆ ತಿರುಗಿ ಕೂಡ ನೋಡಲಿಲ್ಲ.

“ಕೇಳೂದಿದ್ರ ಇಲ್ಲಿ ಬಂದು ಕುಂದ್ರು, ಅಣ್ಣ. ಅಲ್ಲಿಂದ ಒದರಬ್ಯಾಡ.”

ಮಂಚ ಕಿರುಗುಟ್ಟಿತು. ಅವರು ಎದ್ದು ಕೂತಿರಬೇಕು. ಆದರೆ ಬರಲಿಲ್ಲ. ನಾವೂ ಕಾಯಲಿಲ್ಲ.

“ಎಲ್ಲಿಗೆ ಬಂದಿತ್ತವಾ ಶಮೀಮಾ, ನಿನ್ನ ಹಡಗು?”

“ನಾಲ್ಕೂ ದಿಕ್ಕಿಗೆ ಸುತ್ತ ಹಾಕ್ಯಾರ, ಅತ್ತೆ.”

“ಹಾಕಲಿ,” ಎಂದಳು ನೀಲತ್ತೆ. “ತೋಪಿಗೆ ಮದ್ದು ತುಂಬು.”